ಗುಬ್ಬಕ್ಕ ಬಾಗಿಲು ತೆರೆದರೆ ಕತೆ ಕೆಡುತ್ತದೆಯೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಈ ಸಲದ ವಾರ್ಷಿಕೋತ್ಸವಕ್ಕೆ ಮೂರನೆಯ ತರಗತಿಯ ಮಕ್ಕಳಿಂದ ಕಾಗಕ್ಕ ಗುಬ್ಬಕ್ಕನ ಕತೆಯನ್ನು ಆಡಿಸಿದೆ. ತಾಲೀಮಿನಲ್ಲಿ ಎಲ್ಲವೂ ಕತೆಯಲ್ಲಿರುವಂತೆಯೇ ನಡೆದಿತ್ತು. ಪ್ರದರ್ಶನದ ದಿನ ಮಾತ್ರ, ಸಗಣಿಯ ಮನೆ ಕರಗಿ ಮಳೆಯಲ್ಲಿ ನೆನೆದ ಕಾಗಕ್ಕ ಮೂರನೆಯ ಬಾರಿ ಬಾಗಿಲು ತಟ್ಟಿದಾಗ, ಗುಬ್ಬಕ್ಕನ ವೇಷದ ಹುಡುಗಿ ‘ಮಗೂಗೆ ನೀರು ಹಾಕ್ತಿದೀನಿ ತಡಿ’ ಎನ್ನುವ ಬದಲು ‘ನಾನು ಕಾಯಿಸಲ್ಲ, ಒಳಗೆ ಬಾ’ ಎಂದು ಬಾಗಿಲು ತೆರೆದುಬಿಟ್ಟಳು. ಸಭಿಕರು ಚಪ್ಪಾಳೆ ತಟ್ಟಿದರು. ಆದರೆ ಹಿರಿಯರೊಬ್ಬರು ಆಮೇಲೆ ನನ್ನನ್ನು ಕರೆದು, ಹಿಂದಿನಿಂದ ಬಂದ ಕತೆಯನ್ನು ಹೀಗೆ ಕೆಡಿಸಬಾರದು ಎಂದರು. ರಾಜಕುಮಾರನನ್ನು ಒಲ್ಲೆನೆನ್ನುವ ಸಿಂಡ್ರೆಲಾ, ಒಳ್ಳೆಯ ತೋಳ ಇಂಥವರ ಪುಸ್ತಕಗಳೂ ಈಗ ಮಕ್ಕಳ ಕೈಗೆ ಬರುತ್ತಿವೆ. ಪಾತ್ರಗಳು ತಮಗೆ ಗೊತ್ತುಮಾಡಿದ ಕತೆಯ ವಿರುದ್ಧ ಬಂಡೇಳುವುದು ಸರಿಯೇ? ಅದರಿಂದ ಕತೆಗೆ ನಷ್ಟವಿಲ್ಲವೇ?

ಉತ್ತರ: ನಿಮ್ಮ ವಿದ್ಯಾರ್ಥಿನಿ ಕತೆಯನ್ನು ಕೆಡಿಸಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗೆಂದು ಆ ಹಿರಿಯರ ಆತಂಕವನ್ನು ತಳ್ಳಿಹಾಕಲು ನನ್ನಿಂದಾಗದು. ಚಿತ್ರದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಕತೆ ಹಾಡುಗಳನ್ನು ಕೇಳುತ್ತ, ಬರೆದುಕೊಳ್ಳುತ್ತ, ಕಾಲೇಜಿನಲ್ಲಿ ಜಾನಪದದ ಪಾಠ ಹೇಳುತ್ತ ಬಂದವನು ನಾನು. ಪಾತ್ರವೊಂದು ಒಲ್ಲೆ ಎನ್ನುವ ಗಳಿಗೆಯಷ್ಟು ನಾಜೂಕಾದ ಗಳಿಗೆ ಕತೆಯಲ್ಲಿ ಮತ್ತೊಂದಿಲ್ಲವೆಂದು ನನಗೆ ಮತ್ತೆ ಮತ್ತೆ ಅನ್ನಿಸಿದೆ. ಆ ‘ಒಲ್ಲೆ’ ಕತೆಯ ಒಳಗಿದ್ದ ಯಾವುದೋ ಬಿರುಕಿನಿಂದ ಎದ್ದು ಬಂದಿದ್ದರೆ ಕತೆ ಬೆಳೆಯುತ್ತದೆ. ಹೊರಗಿನಿಂದ ತಂದು ಅಂಟಿಸಿದ್ದಾದರೆ ಕತೆಯೂ ಸೊರಗುತ್ತದೆ, ಬಂಡಾಯಕ್ಕೂ ಬೆಲೆ ಇರುವುದಿಲ್ಲ.

ಆ ಹಿರಿಯರು ಹೇಳಿದ ‘ಹಿಂದಿನಿಂದ ಬಂದ ಕತೆ’ ಎಂಬ ಮಾತಿನಿಂದಲೇ ತೊಡಗುತ್ತೇನೆ. ಹೊಳಲ್ಕೆರೆಯ ಕಡೆಯವರಾದ ನಮ್ಮ ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಗುಬ್ಬಕ್ಕ ಕಾಯಿಸಿ ಕಾಯಿಸಿ ಕೊನೆಗೆ ಬಾಗಿಲು ತೆರೆಯುತ್ತಿದ್ದಳು. ಒಳಗೆ ಬಂದ ಕಾಗಕ್ಕ ಕಡಲೆಯ ಮೂಟೆಯ ಮೇಲೆ ಮಲಗಿ ರಾತ್ರಿಯಿಡೀ ಕಟುಂ ಕಟುಂ ಎಂದು ತಿಂದು ಮುಗಿಸುತ್ತಿದ್ದಳು. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಕಾಗಕ್ಕನಿಗೆ ಕಾದ ಸೌಟಿನ ಬರೆ ಬೀಳುತ್ತಿತ್ತು, ಮತ್ತೊಂದು ಮನೆಯಲ್ಲಿ ಬಾಗಿಲು ಕಡೆಗೂ ತೆರೆಯುತ್ತಿರಲಿಲ್ಲ. ಮೂರು ಮನೆಯ ಮಕ್ಕಳೂ ತಾವು ಕೇಳಿದ್ದೇ ನಿಜವಾದ ಕತೆಯೆಂದು ಜಗಳವಾಡಿದ್ದುಂಟು. ಬಾಯಿಂದ ಬಾಯಿಗೆ ಹೋಗುವ ಕತೆಗೆ ಒಂದೇ ಕೊನೆ ಎಂಬುದು ಇರುವುದಿಲ್ಲ. ಕತೆ ಅಚ್ಚಾಗಿ ಒಂದು ಪುಸ್ತಕದಲ್ಲಿ ಕುಳಿತಾಗ, ಅದೇ ಪುಸ್ತಕ ಎಲ್ಲರ ಮನೆಗೆ ಬಂದಾಗ, ಆ ಒಂದು ಕೊನೆಯೇ ವಿಧಿಯಂತೆ ಕಾಣತೊಡಗುತ್ತದೆ.

ನೀವು ಹೆಸರಿಸಿದ ಯುರೋಪಿನ ಕತೆಗಳೂ ಹೀಗೆಯೇ ಗಟ್ಟಿಯಾದವು. ಜರ್ಮನಿಯ ಗ್ರಿಮ್ ಸಹೋದರರು ತಮ್ಮ ಸಂಗ್ರಹದ ಮೊದಲ ಸಂಪುಟವನ್ನು 1812ರಲ್ಲಿ ಹೊರತಂದರು. ಅಲ್ಲಿಂದ 1857ರ ಏಳನೆಯ ಆವೃತ್ತಿಯವರೆಗೆ ಅವರು, ಅದರಲ್ಲೂ ತಮ್ಮನಾದ ವಿಲ್ಹೆಲ್ಮ್, ಕತೆಗಳನ್ನು ತಿದ್ದುತ್ತಲೇ ಹೋದರು. ಹಿಮಗೌರಿಯನ್ನು ಕಾಡಿಗೆ ಅಟ್ಟಿದವಳು ಮೊದಲ ಆವೃತ್ತಿಯಲ್ಲಿ ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು. ಕೆಂಪು ಟೋಪಿಯ ಹುಡುಗಿ 1697ರ ಫ್ರಾನ್ಸಿನಲ್ಲಿ ಪೆರೋ ಎಂಬ ಲೇಖಕ ಅಚ್ಚು ಹಾಕಿಸಿದ ಕತೆಯಲ್ಲಿ ತೋಳನ ಹೊಟ್ಟೆಗೆ ಹೋಗಿ ಅಲ್ಲಿಗೇ ಮುಗಿದುಹೋಗುತ್ತಾಳೆ. ಗ್ರಿಮ್ ಸಹೋದರರ ಪುಸ್ತಕದಲ್ಲಿ ಬೇಟೆಗಾರ ಬಂದು ತೋಳನ ಹೊಟ್ಟೆ ಸೀಳಿ ಅವಳನ್ನು ಹೊರತೆಗೆಯುತ್ತಾನೆ. ಇಂದು ನಾವು ಮೂಲವೆಂದು ಹಿಡಿದುಕೊಂಡಿರುವುದು ಹೀಗೆ ಹಲವು ಕೈಗಳ ತಿದ್ದುಪಡಿಯನ್ನು ದಾಟಿ ಬಂದದ್ದು.

ಆ ಸಂಗ್ರಹದ ಮೊಟ್ಟಮೊದಲ ಕತೆಯಾದ ಕಪ್ಪೆರಾಜನ ಕತೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಾಜಕುಮಾರಿ ಮುತ್ತಿಟ್ಟದ್ದರಿಂದ ಕಪ್ಪೆ ರಾಜಕುಮಾರನಾಯಿತು ಎಂದು ಬಹಳ ಜನ ತಿಳಿದಿದ್ದಾರೆ. ಗ್ರಿಮ್ ಸಹೋದರರ ಕತೆಯಲ್ಲಿ ಮುತ್ತಿನ ಸುದ್ದಿಯೇ ಇಲ್ಲ. ಬಾವಿಗೆ ಬಿದ್ದ ಚಿನ್ನದ ಚೆಂಡನ್ನು ತಂದುಕೊಟ್ಟರೆ ನಿನ್ನನ್ನು ಜೊತೆಗಾರನನ್ನಾಗಿ ಮಾಡಿಕೊಳ್ಳುವೆನೆಂದು ಹುಡುಗಿ ಕಪ್ಪೆಗೆ ಮಾತು ಕೊಟ್ಟಿರುತ್ತಾಳೆ. ಕಪ್ಪೆ ಅರಮನೆಯ ಬಾಗಿಲಿಗೆ ಬಂದಾಗ, ಕೊಟ್ಟ ಮಾತನ್ನು ನಡೆಸಲೇಬೇಕೆಂದು ತಂದೆ ಅಪ್ಪಣೆ ಮಾಡುತ್ತಾನೆ. ತಟ್ಟೆಯಲ್ಲಿ ಜೊತೆಗೆ ಉಣ್ಣಿಸಿದ್ದಾಯಿತು, ಕೋಣೆಗೆ ಎತ್ತಿಕೊಂಡು ಹೋದದ್ದೂ ಆಯಿತು. ಹಾಸಿಗೆಯ ಮೇಲೂ ಜಾಗ ಕೊಡೆಂದು ಅದು ಕೇಳಿದಾಗ ಅವಳು ಅದನ್ನು ಎತ್ತಿ ಗೋಡೆಗೆ ಅಪ್ಪಳಿಸುತ್ತಾಳೆ. ಕಪ್ಪೆಯ ಶಾಪ ಕಳಚುವುದು ಆ ಏಟಿಗೇ. ಅಪ್ಪನ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ್ದರೆ ಕಪ್ಪೆ ಕಪ್ಪೆಯಾಗಿಯೇ ಉಳಿಯುತ್ತಿತ್ತು. ಹುಡುಗಿಯ ಬಂಡಾಯ ಕತೆಗೆ ಅಡ್ಡ ಬಂದಿಲ್ಲ, ಕತೆಯ ಗಂಟು ಬಿಚ್ಚಿಕೊಳ್ಳುವುದೇ ಅದರಿಂದ. ಮುತ್ತಿನ ಆವೃತ್ತಿಯನ್ನು ಹರಡಿದವರು ಆ ಗಂಟನ್ನೇ ಕಿತ್ತುಹಾಕಿ ಹುಡುಗಿಯನ್ನು ವಿಧೇಯಳನ್ನಾಗಿ ಮಾಡಿದರು. ಕತೆ ಕೆಟ್ಟಿತೆಂದು ನಾನು ಹೇಳುವುದಿದ್ದರೆ ಇದನ್ನು ನೋಡಿ ಹೇಳುತ್ತೇನೆ.

ಪಾತ್ರ ಎಂಬ ನಮ್ಮ ಪದದಲ್ಲಿಯೇ ಒಂದು ಸುಳಿವಿದೆ. ಪಾತ್ರವೆಂದರೆ ವೇಷಧಾರಿ ಆಡುವುದು, ಏನನ್ನಾದರೂ ತುಂಬಿಡುವ ಪಾತ್ರೆಯೂ ಹೌದು, ಹೊಳೆ ಹರಿಯುವ ತಗ್ಗೂ ಹೌದು. ಅಂದರೆ ಅದು ಮೊದಲೇ ಗೊತ್ತಾದ ಒಂದು ಜಾಗ, ಅದನ್ನು ಯಾರು ಬೇಕಾದರೂ ತುಂಬಬಹುದು. ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರು ರಷ್ಯನ್ ಕಿನ್ನರ ಕತೆಗಳನ್ನು ಬಿಡಿಸಿ ನೋಡಿ, ಅವುಗಳಲ್ಲಿ 31 ಕ್ರಿಯೆಗಳು ಒಂದೇ ಅನುಕ್ರಮದಲ್ಲಿ ಬರುತ್ತವೆ, ಅವನ್ನು ನಡೆಸುವವರು ಏಳೇ ಬಗೆಯವರು ಎಂದು ತೋರಿಸಿದರು. ಎಲ್ಲ ಕತೆಗಳಲ್ಲಿ ಎಲ್ಲ ಕ್ರಿಯೆಗಳೂ ಇರಬೇಕೆಂದಿಲ್ಲ, ಇದ್ದವು ಮಾತ್ರ ಆ ಸಾಲನ್ನು ಬಿಡುವುದಿಲ್ಲ. ಅವರ ಲೆಕ್ಕದಲ್ಲಿ ಖಳ ಎಂದರೆ ಕೆಟ್ಟ ಮನುಷ್ಯನೆಂದೇನೂ ಅಲ್ಲ, ಕೇಡು ಮಾಡುವ ಕೆಲಸ ಯಾರ ಪಾಲಿಗೆ ಬಂದಿದೆಯೋ ಅವನು. ಆ ಕೆಲಸವನ್ನು ಹುಲಿಯೂ ಮಾಡಬಹುದು, ಮಲತಾಯಿಯೂ ಮಾಡಬಹುದು. ಬಂಡಾಯವನ್ನು ಅರ್ಥ ಮಾಡಿಕೊಳ್ಳಲು ನನಗೆ ಈ ನೋಟ ಬಹಳ ನೆರವಾಗಿದೆ. ಕೆಲಸವೊಂದಕ್ಕೆ ನೇಮಕವಾಗಿದ್ದ ಹುಲಿ, ತಾನು ಬರಿಯ ಆ ಕೆಲಸವಲ್ಲ, ತನಗೊಂದು ಮನಸ್ಸಿದೆ ಎಂದು ತಿರುಗಿ ನಿಂತ ಗಳಿಗೆಯನ್ನೇ ನಾವು ಪಾತ್ರದ ಬಂಡಾಯವೆನ್ನುವುದು.

ಹುಲಿ ಎಂದೊಡನೆ ನಿಮಗೆ ಗೋವಿನ ಹಾಡು ನೆನಪಾಗಿರುತ್ತದೆ. ಪುಣ್ಯಕೋಟಿಯ ಸತ್ಯವನ್ನು ನಾವು ತಲೆಮಾರುಗಳಿಂದ ಕೊಂಡಾಡುತ್ತ ಬಂದಿದ್ದೇವೆ. ಆದರೆ ಆ ಹಾಡಿನಲ್ಲಿ ತನಗೆ ಬರೆದಿಟ್ಟದ್ದನ್ನು ಮುರಿಯುವುದು ಹಸುವಲ್ಲ, ಅರ್ಬುತನೆಂಬ ಹುಲಿ. ಹಸು ಮಾತಿಗೆ ತಪ್ಪದೆ ಬರುತ್ತದೆ, ತನ್ನ ಖಂಡ ಮಾಂಸಗಳನ್ನು ತಾನೇ ಒಡ್ಡುತ್ತದೆ. ಹಸಿದಿದ್ದ ಹುಲಿ ಕಣ್ಣೀರಿಟ್ಟು, ನಿನ್ನನ್ನು ಕೊಂದರೆ ಪರಮಾತ್ಮ ಮೆಚ್ಚನೆಂದು ಹೇಳಿ ಮೇಲೆ ನೆಗೆದು ಪ್ರಾಣ ಬಿಡುತ್ತದೆ. ಹುಲಿ ಸಾಯಬೇಕಿತ್ತೇ ಎಂದು ನನ್ನ ತರಗತಿಗಳಲ್ಲಿ ಪ್ರತಿ ವರ್ಷವೂ ಯಾರಾದರೂ ಒಬ್ಬರು ಕೇಳುತ್ತಿದ್ದರು. ಅದು ಹುಲ್ಲು ತಿನ್ನುತ್ತ ಹಸುವಿನ ಜೊತೆ ಬದುಕಿತು ಎಂದು ಕೊನೆಯನ್ನು ಬದಲಿಸಿ ಬರೆದು ತಂದವರೂ ಇದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಬೇಟೆಯನ್ನು ಒಲ್ಲೆನೆಂದ ಹುಲಿಗೆ ಬದುಕುವ ದಾರಿಯಿಲ್ಲ ಎಂಬುದನ್ನು ಹಾಡು ಮುಚ್ಚಿಡುವುದಿಲ್ಲ. ಅದಕ್ಕೇ ಆ ನಿರಾಕರಣೆಗೆ ಅಷ್ಟು ತೂಕ ಬಂದಿರುವುದು. ಹುಲ್ಲು ತಿನ್ನುವ ಹುಲಿ ಏನನ್ನೂ ಕಳೆದುಕೊಂಡಿಲ್ಲ, ಆದ್ದರಿಂದ ಅದು ಏನನ್ನು ಬಿಟ್ಟಿತು ಎಂಬುದೂ ನಮಗೆ ತಾಕುವುದಿಲ್ಲ.

‘ಕೆರೆಗೆ ಹಾರ’ ಎಂಬ ಹಾಡಿನ ಭಾಗೀರಥಿಯ ವಿಷಯ ಇನ್ನೂ ಕಠಿಣ. ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರು ಬರಲಿಲ್ಲ, ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂದಾಯಿತು, ಕಿರಿಯ ಸೊಸೆಯನ್ನು ಆರಿಸಿದರು. ಅವಳು ತವರಿಗೆ ಹೋಗುತ್ತಾಳೆ, ಹೆತ್ತವರಿಗೆ ನಿಜ ಹೇಳಲಾರದೆ ಅತ್ತೆಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಗೆಳತಿಗೆ ಮಾತ್ರ ಉಳ್ಳದ್ದನ್ನು ಹೇಳಿದರೆ, ಇಟ್ಟ ಹಾಗೆ ಇರಬೇಕು ಎಂಬ ಉತ್ತರ ಬರುತ್ತದೆ. ಬಹಳ ವರ್ಷಗಳ ಹಿಂದೆ ಚಳ್ಳಕೆರೆಯ ಕಡೆಯ ಒಂದು ಹಳ್ಳಿಯಲ್ಲಿ, ಜೋಳದ ರಾಶಿಯ ಪಕ್ಕದಲ್ಲಿ ಕುಳಿತು ಒಬ್ಬ ವೃದ್ಧೆ ನನಗಾಗಿ ಈ ಹಾಡನ್ನು ಹಾಡುತ್ತಿದ್ದರು. ಮರೆತು ಬಂದ ಬಂಗಾರದ ಬಟ್ಟಲಿಗಾಗಿ ಭಾಗೀರಥಿ ಹಿಂದಿರುಗುವ ಜಾಗಕ್ಕೆ ಬಂದಾಗ ಅವರು ನಿಲ್ಲಿಸಿದರು. ಮೊರದಲ್ಲಿದ್ದ ಕಾಳನ್ನು ಬೆರಳಿನಿಂದ ಸರಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬ್ಯಾಡ ಹೋಗಬ್ಯಾಡ ಅಂತ ಒಬ್ರೂ ಅನ್ಲಿಲ್ಲ ನೋಡು’ ಎಂದರು. ಆಮೇಲೆ ಹಾಡನ್ನು ಮುಂದುವರಿಸಿ, ಮೆಟ್ಟಿಲು ಮೆಟ್ಟಿಲಿಗೆ ನೀರನ್ನು ಏರಿಸಿ, ಅವಳನ್ನು ಮುಳುಗಿಸಿದರು. ಆ ಒಂದು ಮಾತು ಹಾಡಿನಲ್ಲಿ ಇರಲಿಲ್ಲ, ಹಾಡಿನ ಒಂದಕ್ಷರವನ್ನೂ ಅವರು ಬದಲಿಸಲಿಲ್ಲ. ಭಾಗೀರಥಿ ಆಡಲಾಗದ ಮಾತನ್ನು ಹಾಡುವವಳು ಅವಳ ಪರವಾಗಿ ಆಡಿದ್ದಳು. ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನಲ್ಲ, ಅದೂ ಹಿರಿಯರ ತೀರ್ಮಾನಕ್ಕೆ ಕತೆಯೇ ಹಾಕಿದ ತಕರಾರು ಎಂದು ನಾನು ಓದುತ್ತೇನೆ.

ನಿಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಎದುರುತ್ತರದಂಥ ಇನ್ನೊಂದು ಐತಿಹ್ಯವಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ಕಟ್ಟಿಸಿದವಳು ರಾಜನ ಮಗಳಾದ ಶಾಂತವ್ವ ಎಂದು ಜನ ಹೇಳುತ್ತಾರೆ. ತನ್ನ ಒಲವಿನ ಕಾರಣಕ್ಕೆ ತಂದೆಯಿಂದ ಅವಮಾನಿತಳಾದ ಅವಳು ಪ್ರಾಯಶ್ಚಿತ್ತಕ್ಕೆಂದು ಕೆರೆ ಕಟ್ಟಿಸಲು ಹೊರಟಳು. ಆ ನೆಲ ಸೂಳೆಯರದಾಗಿತ್ತು, ಕೆರೆಗೆ ತಮ್ಮ ಹೆಸರಿಡಬೇಕೆಂಬ ಷರತ್ತಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರಂತೆ. ಭಾಗೀರಥಿ ಕೆರೆಯ ಪಾಲಾದಳು, ಶಾಂತವ್ವ ಕೆರೆಯ ಒಡತಿಯಾದಳು, ಮರ್ಯಾದಸ್ಥರ ಕತೆಯಲ್ಲಿ ಜಾಗವಿಲ್ಲದ ಹೆಂಗಸರು ತಮ್ಮ ಹೆಸರನ್ನು ಕೆರೆಗೆ ಕೂರಿಸಿಹೋದರು. ದುರ್ಗದ ನಮ್ಮ ನಲ್ಲಿಗಳಿಗೂ ಆ ಕೆರೆಯ ನೀರು ಬರುತ್ತದೆ. ಕೆರೆಗೂ ಹೆಣ್ಣಿಗೂ ಬಲಿಯೊಂದೇ ನಂಟು ಎಂದು ತಿಳಿದ ಮಕ್ಕಳಿಗೆ ಈ ಎರಡನ್ನೂ ಒಟ್ಟಿಗೆ ಹೇಳಬೇಕು.

ಕೋಟೆಯ ಮೇಲಿನ ಹಿಡಿಂಬೇಶ್ವರನ ಗುಡಿಯನ್ನೂ ಇಲ್ಲಿಯೇ ನೆನೆಯುತ್ತೇನೆ. ಮಹಾಭಾರತದ ಹಿಡಿಂಬ ನರಭಕ್ಷಕ, ಭೀಮನ ಕೈಯಲ್ಲಿ ಸಾಯುವುದಷ್ಟೇ ಅವನಿಗೆ ಗೊತ್ತಾದ ಕೆಲಸ. ಚಿತ್ರದುರ್ಗದ ಬೆಟ್ಟದಲ್ಲಿ ಮಾತ್ರ ಅವನ ಹೆಸರನ್ನು ಈಶ್ವರ ಧರಿಸಿದ್ದಾನೆ, ಅವನದೆಂದು ಹೇಳುವ ಹಲ್ಲನ್ನು ಗುಡಿಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ದೊಡ್ಡ ಕತೆ ರಾಕ್ಷಸನೆಂದು ಕೈಬಿಟ್ಟವನನ್ನು ಊರು ತನ್ನವನೆಂದು ಕರೆದುಕೊಂಡಿತು.

ಕನ್ನಡದ ಒಂದು ಜನಪದ ಕತೆಯಲ್ಲಂತೂ ಪಾತ್ರವನ್ನು ದಾಟಿ ಕತೆಯೇ ಬಂಡೇಳುತ್ತದೆ. ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಆ ಕತೆಯಲ್ಲಿ, ಒಬ್ಬ ಹೆಂಗಸಿಗೆ ಒಂದು ಕತೆಯೂ ಒಂದು ಹಾಡೂ ಗೊತ್ತಿದ್ದವು. ಅವಳು ಅವನ್ನು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಕಟ್ಟಿದ ಅವು ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಕತೆ ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ನಿಂತಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿದ್ದಿತು. ಯಾರು ಬಂದಿದ್ದರೆಂದು ಗಂಡನಿಗೆ ಸಂಶಯ ಹುಟ್ಟಿ ಜಗಳವಾಯಿತು, ಅವನು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳನ್ನು ಆರಿಸಿದ ಮೇಲೆ ಅವುಗಳ ಜ್ಯೋತಿಗಳೆಲ್ಲ ಆ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ತಡವಾಗಿ ಬಂದ ಅವನ ಮನೆಯ ಜ್ಯೋತಿಯ ಬಾಯಿಂದ ಅವನಿಗೆ ನಿಜ ತಿಳಿಯಿತು. ಮನೆಗೆ ಬಂದು ಆ ಕತೆ ಯಾವುದು, ಹಾಡು ಯಾವುದು ಎಂದು ಕೇಳಿದರೆ ಹೆಂಡತಿಗೆ ಎರಡೂ ಮರೆತುಹೋಗಿದ್ದವು. ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕದ ಚೌಕಟ್ಟಿಗೆ ಇದನ್ನೇ ಬಳಸಿಕೊಂಡರು. ಅಲ್ಲಿ ಕತೆ ಹೆಂಗಸಿನ ರೂಪದಲ್ಲಿ ಬರುತ್ತದೆ, ಕೇಳುತ್ತ ಕುಳಿತವರು ಹೇಳಿದ ಕೊನೆಯನ್ನು ಒಪ್ಪದೆ ಇನ್ನೊಂದು ಕೊನೆಯನ್ನು ಹೇಳಿಸುತ್ತಾರೆ. ಸುಮ್ಮನೆ ಬಚ್ಚಿಟ್ಟ ಕತೆ ಸೇಡು ತೀರಿಸಿಕೊಳ್ಳುತ್ತದೆ ಎಂಬ ನಂಬಿಕೆ ಇರುವ ನಾಡಿನಲ್ಲಿ, ಕತೆ ಬದಲಾಗದಂತೆ ಬೀಗ ಹಾಕಿಡುವುದೇ ಪರಂಪರೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಿಮ್ಮ ಊರಿನ ಹಿರಿಯರ ಆಕ್ಷೇಪಕ್ಕೆ ಒಳ್ಳೆಯ ವಂಶಾವಳಿಯೇ ಇದೆ ಎಂಬುದನ್ನೂ ಹೇಳಬೇಕು. ಕುವೆಂಪು ಅವರು 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ, ರಾಮಾಯಣದಲ್ಲಿ ರಾಮನ ಕೈಯಲ್ಲಿ ಸಾಯುವ ತಪಸ್ವಿ ಶಂಬೂಕನನ್ನು ಸಾಯಲು ಬಿಡದೆ ಕತೆಯನ್ನು ತಿರುಗಿಸಿದಾಗ ಮಾಸ್ತಿಯವರಂಥ ಹಿರಿಯರೇ ಅದನ್ನು ಒಪ್ಪಲಿಲ್ಲ. ಆ ವಾಗ್ವಾದ ಕನ್ನಡಕ್ಕೆ ಒಳ್ಳೆಯದನ್ನೇ ಮಾಡಿತು. ಹಳೆಯ ಕತೆಯನ್ನು ಬದಲಿಸುವವನು ಏಕೆ ಬದಲಿಸುತ್ತಿದ್ದೇನೆಂದು ಹೇಳಬೇಕಾದ ಹೊಣೆ ಅಲ್ಲಿಂದ ಮುಂದೆ ಎಲ್ಲರ ಮೇಲೂ ಬಿದ್ದಿತು.

ಈಗ ಬರುತ್ತಿರುವ ಹೊಸ ಮಕ್ಕಳ ಪುಸ್ತಕಗಳಲ್ಲಿ ಹಲವು ಆ ಹೊಣೆಯನ್ನು ಹೊರುವುದಿಲ್ಲ. ರಾಜಕುಮಾರಿಯ ಕೈಗೆ ಕತ್ತಿ ಕೊಟ್ಟು, ರಾಜಕುಮಾರನನ್ನು ಹೇಡಿಯನ್ನಾಗಿ ಮಾಡಿ, ಉಳಿದದ್ದನ್ನೆಲ್ಲ ಇದ್ದ ಹಾಗೆಯೇ ಬಿಟ್ಟರೆ ವೇಷ ಬದಲಾಯಿತೇ ಹೊರತು ಆಟ ಬದಲಾಗಲಿಲ್ಲ. ಅಮೆರಿಕದಲ್ಲಿ 1987ರಲ್ಲಿ ಬ್ರಾಡ್ವೇ ರಂಗಕ್ಕೆ ಬಂದ ‘ಇಂಟು ದ ವುಡ್ಸ್’ ಎಂಬ ಸಂಗೀತ ನಾಟಕದಲ್ಲಿ ಸಿಂಡ್ರೆಲಾ ಮೊದಲಾದ ಕಿನ್ನರ ಕತೆಗಳ ಪಾತ್ರಗಳು ತಮ್ಮ ಕತೆಯನ್ನು ಹೇಳುತ್ತಿದ್ದ ನಿರೂಪಕನನ್ನೇ ಎಳೆದು ದೈತ್ಯೆಗೆ ಒಪ್ಪಿಸಿಬಿಡುತ್ತವೆ. ಅಲ್ಲಿಂದ ಮುಂದೆ ಏನಾಗಬೇಕೆಂದು ಹೇಳುವವರು ಯಾರೂ ಇಲ್ಲ, ತಾವು ಮಾಡಿದ್ದರ ಫಲವನ್ನು ತಾವೇ ಉಣ್ಣಬೇಕು. ನಮ್ಮ ಹಂಚಿಯ ಕತೆಯಲ್ಲಿಯೂ ಹೀಗೆಯೇ. ರಾಮಾನುಜನ್ ಕನ್ನಡದ ಸಿಂಡ್ರೆಲಾ ಎಂದು ಗುರುತಿಸಿದ ಈ ಹುಡುಗಿ, ಮನೆಯೊಳಗೇ ಅಪಾಯ ಎದುರಾದಾಗ ತಾಯಿ ಕೊಟ್ಟ ಮಣ್ಣಿನ ಮುಖವಾಡವನ್ನು ತೊಟ್ಟು ಮನೆ ಬಿಡುತ್ತಾಳೆ, ಪರರ ಮನೆಯಲ್ಲಿ ಅಡುಗೆ ಮಾಡಿ ಬದುಕುತ್ತಾಳೆ. ಮದುವೆಯಾದ ಮೇಲೂ ಕತೆ ಮುಗಿಯುವುದಿಲ್ಲ, ಕಷ್ಟ ಇನ್ನೊಂದು ರೂಪದಲ್ಲಿ ಬರುತ್ತದೆ. ಗಂಡು ನಾಯಕನಾದ ಕತೆ ಮದುವೆಯಲ್ಲಿ ಮುಗಿದರೆ, ಹೆಂಗಸರು ಹೇಳುವ ಹೆಂಗಸಿನ ಕತೆ ಹಲವು ಸಲ ಮದುವೆಯ ಆಚೆಗೇ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ರಾಮಾನುಜನ್ ಗಮನಿಸಿದ್ದರು.

ಒಳಗಿನಿಂದ ಹುಟ್ಟುವ ಬಂಡಾಯ ಎಂದರೇನೆಂದು ವಿದ್ಯಾರ್ಥಿಗಳಿಗೆ ತೋರಿಸಲು ನಾನು ಅವರನ್ನು ಕೋಟೆಯ ಒನಕೆ ಕಿಂಡಿಗೆ ಕರೆದೊಯ್ಯುತ್ತಿದ್ದೆ. ಓಬವ್ವನದು ಕಿನ್ನರ ಕತೆಯಲ್ಲ, ಹೈದರಾಲಿಯ ಮುತ್ತಿಗೆಯ ಕಾಲದ ನೆನಪು. ಆದರೂ ಅದು ಕತೆಯಾಗಿಯೇ ನಮ್ಮ ಮಕ್ಕಳ ಕಿವಿಗೆ ಬೀಳುತ್ತದೆ. ಕಾವಲುಗಾರನ ಹೆಂಡತಿ, ಗಂಡ ಊಟಕ್ಕೆ ಕುಳಿತಿದ್ದಾನೆ, ಅವನಿಗೆ ನೀರು ತರಲು ಹೋಗಿದ್ದಾಳೆ. ಇಲ್ಲಿಯವರೆಗೂ ಅವಳಿಗೆ ಗೊತ್ತಾದ ಪಾತ್ರವೇ. ಬಂಡೆಗಳ ನಡುವಿನ ಆ ಕಿಂಡಿಯ ಮುಂದೆ ಬಗ್ಗಿ ನೋಡಿದವರಿಗೆ, ಒಬ್ಬೊಬ್ಬನಾಗಿ ತಲೆ ತೂರಿಸಿಯೇ ಒಳಗೆ ಬರಬೇಕು ಎಂಬುದು ಮೈಗೇ ತಿಳಿಯುತ್ತದೆ. ಅಲ್ಲಿ ಅವಳ ಕೈಗೆ ಬಂದದ್ದು ಕತ್ತಿಯಲ್ಲ, ದಿನವೂ ಭತ್ತ ಕುಟ್ಟುತ್ತಿದ್ದ ಒನಕೆ. ಅವಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿದ ಪಾತ್ರವೇ ಆ ತೋಳಿಗೆ ಕುಟ್ಟುವ ಬಲವನ್ನೂ ಕೊಟ್ಟಿತ್ತು.

ಇನ್ನು ನಿಮ್ಮ ಗುಬ್ಬಕ್ಕ. ಆ ಹುಡುಗಿ ಬಾಗಿಲು ತೆರೆದದ್ದು ಕತೆಯ ಒಳಗಿನ ಬಿರುಕಿನಿಂದಲೇ ಎಂದು ನನಗೆ ಅನ್ನಿಸುತ್ತದೆ. ಮಗುವಿಗೆ ನೀರು ಹಾಕುವುದು, ತಲೆ ಬಾಚುವುದು, ತೊಟ್ಟಿಲು ತೂಗುವುದು ಎಂದು ಗುಬ್ಬಕ್ಕ ಒಂದಾದ ಮೇಲೊಂದು ನೆಪ ಹೇಳುವಾಗ, ಅವು ನೆಪಗಳೆಂಬುದು ಕೇಳುವ ಪ್ರತಿ ಮಗುವಿಗೂ ಗೊತ್ತಿರುತ್ತದೆ. ನಿಮ್ಮ ವಿದ್ಯಾರ್ಥಿನಿ ಆ ನೆಪವನ್ನು ಮೂರನೆಯ ಸಲ ಹೇಳಲಾರದೆ ಹೋದಳು. ಆದರೆ ಅವಳ ಬಂಡಾಯ ಅರ್ಧಕ್ಕೆ ನಿಂತಿದೆ, ಏಕೆಂದರೆ ಬಾಗಿಲು ತೆರೆದೊಡನೆ ಪರದೆ ಬಿದ್ದಿರಬೇಕು, ಚಪ್ಪಾಳೆಯಲ್ಲಿ ಎಲ್ಲವೂ ಮುಗಿದಿರಬೇಕು. ಒಳಗೆ ಬಂದ ಕಾಗಕ್ಕ ಎಲ್ಲಿ ಮಲಗುತ್ತಾಳೆ, ಕಡಲೆ ಯಾರಿಗೆ ಎಷ್ಟು, ಬೆಳಗಾದ ಮೇಲೆ ಅವಳು ಎಲ್ಲಿಗೆ ಹೋಗಬೇಕು ಎಂಬುದನ್ನು ಮಕ್ಕಳೇ ಆಡಿ ನೋಡಲಿ. ಪುಟ್ಟ ಗೂಡಿನಲ್ಲಿ ಅಷ್ಟು ದೊಡ್ಡ ರೆಕ್ಕೆಗಳನ್ನು ಇಟ್ಟುಕೊಳ್ಳುವ ಕಷ್ಟವೂ ಆಟದಲ್ಲಿ ಬರಲಿ, ಗುಬ್ಬಕ್ಕನಿಗೆ ತೆರೆದದ್ದಕ್ಕೆ ಬೇಸರವೂ ಆಗಲಿ.

ಕಾಗಕ್ಕನಿಗೂ ಮಾತು ಕೊಡಿ. ಇಷ್ಟು ಕಾಲದ ಕತೆಯಲ್ಲಿ ಅವಳು ತಟ್ಟಿದ್ದಾಳೆ, ಬೇಡಿದ್ದಾಳೆ, ತಿಂದಿದ್ದಾಳೆ, ಬರೆ ಹಾಕಿಸಿಕೊಂಡಿದ್ದಾಳೆ. ತನ್ನ ಮನೆ ಏಕೆ ಯಾವಾಗಲೂ ಸಗಣಿಯದು, ಗುಬ್ಬಕ್ಕನದು ಏಕೆ ಯಾವಾಗಲೂ ಕಲ್ಲಿನದು ಎಂದು ಅವಳು ಕೇಳಿದ್ದನ್ನು ನಾನು ಯಾವ ಅಜ್ಜಿಯ ಬಾಯಲ್ಲೂ ಕೇಳಿಲ್ಲ. ಕಾಗಕ್ಕನ ಪಾತ್ರ ಮಾಡಿದ ಮಗು ಆ ಪ್ರಶ್ನೆಯನ್ನು ರಂಗದ ಮೇಲೆ ನಿಂತು ಕೇಳಲಿ, ಉತ್ತರವನ್ನು ತರಗತಿಯ ಉಳಿದ ಮಕ್ಕಳು ಹುಡುಕಲಿ. ಆ ದಿನ ನಿಮ್ಮನ್ನು ಕರೆದು ಮಾತಾಡಿದ ಹಿರಿಯರನ್ನೂ ತಾಲೀಮಿಗೆ ಕರೆಯಿರಿ. ಅವರ ಮನೆಯಲ್ಲಿ ಈ ಕತೆ ಹೇಗೆ ಮುಗಿಯುತ್ತಿತ್ತೆಂದು ಮಕ್ಕಳ ಮುಂದೆ ಹೇಳಿಸಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ನನಗೂ ಒಂದು ಪ್ರತಿ ಕಳಿಸಿದರೆ ಉಪಕಾರವಾಗುತ್ತದೆ.